ಅವರೆಸಾರಿನ ಮಹಜರು

ಬಿಳಿ ದೊರೆಗಳ ಕಾಲದಲ್ಲಿ ನಾನು ಊಟಿಯ ಸುತ್ತಲಿನ ಹಟ್ಟಿಗಳಿಗೆ ಹೋಗಿ ಬಟ್ಟೆ ಮಾರುತ್ತಿದ್ದೆ. ಒಂದು ದಿನ ಒಂದು ಹಟ್ಟಿಗೆ ಕಾಲಿಟ್ಟಿದ್ದೇ ತಡ, ಇನ್‌ಸ್ಪೆಕ್ಟರು ನನ್ನನ್ನು ಹಿಡಿದು ಶವದ ಮಹಜರಿಗೆ ಐದನೆಯ ಪಂಚನಾಗಿ ಕೂರಿಸಿದರು. ಆ ಮನೆಯ ಮುದುಕ ಉಣ್ಣುತ್ತಿದ್ದ ಹಾಗೇ ಉರುಳಿ ಸತ್ತಿದ್ದ. ಬಡಿಸಿದವಳು ಸೊಸೆ ಮಾಸಿ. ಹಿಂದಿನ ದಿನವಷ್ಟೇ ಇಬ್ಬರಿಗೂ ಜಗಳವಾಗಿತ್ತಂತೆ.

“ಸಾರಿಗೆ ಏನು ಹಾಕಿದ್ದೆ?” ಇನ್‌ಸ್ಪೆಕ್ಟರು ಗದರಿದರು.

“ಅವರೆಕಾಳು ಹಾಕಿದ್ದೆ ಸ್ವಾಮಿ. ಮಾವನಿಗೆ ಎಂಬತ್ತು ವರ್ಷವಾಗಿತ್ತು, ಅದನ್ನೇನು ನಾನು ಹಾಕಿದ್ದಲ್ಲ.”

ಪಂಚರೆಲ್ಲ ಸಾರಿನ ಗಡಿಗೆಯಿಂದ ದೂರ ಸರಿದೆವು. ಮಾಸಿ ಅದೇ ಗಡಿಗೆಯನ್ನು ಹತ್ತಿರಕ್ಕೆಳೆದುಕೊಂಡು, ರಾಗಿ ಮುದ್ದೆ ಮುರಿದು ಅದ್ದಿ ಉಣ್ಣತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಈಗ ಬಿದ್ದಾಳು, ಆಗ ಬಿದ್ದಾಳು ಎಂದು ನಾವು ಕಾದೆವು. ಅವಳು ಬೀಳಲಿಲ್ಲ, ಮತ್ತೊಮ್ಮೆ ಬಡಿಸಿಕೊಂಡಳು.

“ನಿಮಗೂ ಹಾಕಲಾ?” ಎಂದಳು ನಮ್ಮ ಕಡೆ ತಿರುಗಿ.

ಹಸಿದಿದ್ದ ನಾನು ಮೊದಲು ಕೂತೆ. ಉಳಿದವರೂ ಕೂತರು. ಉಂಡೆದ್ದು, ಮುದುಕನದು ಸಹಜ ಸಾವೆಂದು ಐವರೂ ಒಂದೇ ಬಾಯಲ್ಲಿ ಹೇಳಿದೆವು. ಇನ್‌ಸ್ಪೆಕ್ಟರು ಶವವನ್ನು ಬಿಟ್ಟುಕೊಟ್ಟರು.

ನಿಜ ಹೇಳಬೇಕೆಂದರೆ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಅದನ್ನು ಮಾಸಿಗೆ ಹೇಳುವ ಧೈರ್ಯ ಮಾತ್ರ ಪಂಚರಲ್ಲಿ ಯಾರಿಗೂ ಬರಲಿಲ್ಲ.