ಕೊನೆಯವಳ ಹಿಂದೆ ಉಳಿದವರು

ಊರಿನ ಅರ್ಧ ಮ್ಯಾರಥಾನ್‌ನಲ್ಲಿ ಅವಳದು ಕೊನೆಯವಳ ಕೆಲಸ. ಇಪ್ಪತ್ತೊಂದು ಕಿಲೋಮೀಟರ್, ಗುಡ್ಡ ಹತ್ತಿ ಇಳಿಯುವ ಟಾರು ರಸ್ತೆ. ಓಡುವವರೆಲ್ಲ ಮುಂದೆ, ಅವಳು ಎಲ್ಲರ ಹಿಂದೆ. ಯಾರನ್ನೂ ದಾಟುವಂತಿಲ್ಲ. ಅವಳು ಗೆರೆ ಮುಟ್ಟಿದಳೆಂದರೆ ಗುಡ್ಡದ ಮೇಲೆ ಯಾರೂ ಉಳಿದಿಲ್ಲ ಎಂದು ಅರ್ಥ. ಎಂಟು ವರ್ಷದ ಹಿಂದೆ ಶಾಲೆಯ ಪೀಟಿ ಮೇಷ್ಟ್ರು ಈ ಓಟ ಶುರುಮಾಡಿದಾಗ, “ನೀನು ನಿಧಾನ, ಆದರೆ ನಿಲ್ಲೋದಿಲ್ಲ” ಎಂದು ಇದನ್ನು ಅವಳಿಗೆ ವಹಿಸಿದ್ದರು. ಊರವರು ಬಾಲಂಗೋಚಿ ಎಂದು ಕರೆದರು. ಅವಳು ನಕ್ಕು ಒಪ್ಪಿಕೊಂಡಿದ್ದಳು.

ಉಳಿದ ದಿನಗಳಲ್ಲಿ ಅವಳು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಮೇಜು, ಒಂದು ಬೀರು ಹಿಡಿಸುವಷ್ಟು ಅಂಗಡಿ. ಊರಿನ ಅರ್ಧಕ್ಕರ್ಧ ಜನ ಅವಳ ಟೇಪಿಗೆ ಬೆನ್ನು ಕೊಟ್ಟು ನಿಂತವರೇ. ಹಾಗಾಗಿ ಮುಖಕ್ಕಿಂತ ಬೆನ್ನು ಅವಳಿಗೆ ಹೆಚ್ಚು ಪರಿಚಯ. ಬೇಕರಿಯವನ ಬಲಭುಜ ಏರು. ನರ್ಸಕ್ಕನ ಕುತ್ತಿಗೆ ತುಸು ಮುಂದೆ. ಚಿಕ್ಕಪ್ಪನ ಎಡಭುಜ ಇಳಿಜಾರು. ಅಂಚೆಯವರಾಗಿ ಮೂವತ್ತನಾಲ್ಕು ವರ್ಷ ಕಾಗದದ ಚೀಲ ತೂಗಿದ ಭುಜ ಅದು. ಅವರ ಅಂಗಿ ಹೊಲಿಯುವಾಗ ಎಡಗಡೆಗೆ ಅರ್ಧ ಇಂಚು ಇಳಿಸುತ್ತಿದ್ದಳು. ಹಾಗೆ ಇಳಿಸಿದ್ದು ತೊಟ್ಟವರಿಗೂ ಗೊತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಸಾಕಿದವರು ಈ ಚಿಕ್ಕಪ್ಪ, ಚಿಕ್ಕಮ್ಮ. ಹೊಲಿಗೆ ಯಂತ್ರವನ್ನು ಅಂಚೆಯ ಸೈಕಲ್ಲಿನ ಹಿಂದೆ ಕಟ್ಟಿ, ಏರಿನುದ್ದಕ್ಕೂ ತಳ್ಳಿಕೊಂಡು ತಂದುಕೊಟ್ಟವರೂ ಅವರೇ.

ಈ ವರ್ಷ ಓಟದ ಬೆಳಗ್ಗೆ ಅವಳಿಗೆ ಭಯವಿತ್ತು. ಚಿಕ್ಕಪ್ಪ ಓಡುವವರ ಸಾಲಿನಲ್ಲಿದ್ದರು. ಎದೆಯ ಮೇಲೆ ಇಪ್ಪತ್ತೇಳನೇ ನಂಬರಿನ ಚೀಟಿ. ಅದನ್ನು ಅಂಗಿಗೆ ಸಿಕ್ಕಿಸಿದ್ದು ಅವಳೇ, ಪಿನ್ನು ಎರಡು ಸಲ ಕೈಜಾರಿತ್ತು.

“ಮಗಳೇ, ನನಗೆ ಚುಚ್ತೀಯೋ ಅಂಗಿಗೆ ಚುಚ್ತೀಯೋ?” ಎಂದರು ಚಿಕ್ಕಪ್ಪ.

ಅವಳ ಭಯಕ್ಕೆ ಕಾರಣ ಒಂದು ಚಡ್ಡಿ. ಶಾಲೆಯ ಸಮವಸ್ತ್ರ ಹೊಲಿಯುವ ಗಡಿಬಿಡಿಯಲ್ಲಿ ಅವಳಿದ್ದಾಗ ಚಿಕ್ಕಪ್ಪ ಅಂಗಡಿಗೆ ಬಂದು, “ಓಟಕ್ಕೊಂದು ಚಡ್ಡಿ ಬೇಕು. ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿರಲಿ. ನಿನ್ನ ಚಿಕ್ಕಮ್ಮ ನೋಡಿ ನಾಚ್ಕೋಬೇಕು” ಎಂದಿದ್ದರು. ಹೊಲಿದುಕೊಟ್ಟಳು. ಹದಿನೈದು ದಿನ ಬಿಟ್ಟು ಬಂದು ಅದೇ ಬಟ್ಟೆಯಲ್ಲಿ ಅದೇ ಅಳತೆ ಕೇಳಿದರು. ಚಿಕ್ಕಮ್ಮ ನಾಚಿಕೊಳ್ಳುವ ಮಾತನ್ನೂ ಹೇಳಿ, ಅದೇ ಜಾಗದಲ್ಲಿ ನಕ್ಕರು. ಇನ್ನೊಂದು ಬೇಕಿರಬಹುದು ಎಂದುಕೊಂಡು ಹೊಲಿದಿಟ್ಟಳು; ಒಯ್ಯಲು ಅವರು ಬರಲಿಲ್ಲ. ಮೂರನೇ ಸಲ ಟೇಪು ಹಿಡಿದ ಬೆರಳು ತಣ್ಣಗಾಯಿತು. ಅದನ್ನೂ ಹೊಲಿದಿಟ್ಟಳು. ನಾಲ್ಕನೇ ಸಲ “ಓಟಕ್ಕೊಂದು...” ಎಂದು ಅವರು ಬಾಯಿ ತೆರೆದಾಗ ಬೀರು ತೆರೆದು ತೋರಿಸಿದಳು. ಒಂದರ ಮೇಲೊಂದು, ಒಂದೇ ಬಣ್ಣದ ಎರಡು ಚಡ್ಡಿ. ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತರು. ಬೀರುವನ್ನೇ ನೋಡಿದರು.

“ಮನೇಲಿ ಹೇಳ್ಬೇಡ,” ಎಂದರು. “ಇದೊಂದು ಓಟ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ.”

“ಗುಡ್ಡದ ದಾರಿ ಚಿಕ್ಕಪ್ಪ...”

“ಆ ಗುಡ್ಡಾನ ನನಗೆ ಹೇಳಿಕೊಡ್ತೀಯಾ? ಅಲ್ಲಿ ನನ್ನ ಕಾಲಿಗೇ ಕಣ್ಣಿದೆ.”

ಅವಳು ಟೇಪು ಸುತ್ತಿಟ್ಟಳು. ಹಿಂದೆ ನಾನೇ ಇರುತ್ತೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಓಟ ಶುರುವಾಯಿತು. ಓಡುವವರು ಅರವತ್ತನಾಲ್ಕು ಮಂದಿ. ಐದು ಕಿಲೋಮೀಟರ್ ತನಕ ಚಿಕ್ಕಪ್ಪನ ಇಳಿಜಾರು ಭುಜ ಅವಳಿಂದ ಐವತ್ತು ಹೆಜ್ಜೆ ಮುಂದೆ ಕುಣಿಯುತ್ತಾ ಸಾಗಿತ್ತು. ಅವರ ಪಕ್ಕದಲ್ಲಿ ಬೇಕರಿಯವನು ಏದುಸಿರು ಬಿಡುತ್ತಿದ್ದ. ಎಡಕ್ಕೆ ಕಣಿವೆ, ಕೆಳಗೆ ಕೆರೆ, ಕೆರೆಯಾಚೆ ಊರಿನ ಹೆಂಚುಗಳು. ನೋಡಲಿಕ್ಕೆಂದೇ ದೂರದಿಂದ ಜನ ಬರುತ್ತಿದ್ದ ನೋಟ. ಅವಳು ಅತ್ತ ತಿರುಗಲಿಲ್ಲ. ಆರನೇ ಕಿಲೋಮೀಟರಿನಲ್ಲಿ ಮಂಜು ಇಳಿಯಿತು. ಅದೇ ಹೊತ್ತಿಗೆ ಬೇಕರಿಯವನ ಕಾಲು ಹಿಡಿದುಕೊಂಡಿತು. ಅವನು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು, “ನನ್ನ ಹೊಟ್ಟೆಗೆ ಬೇರೆ ನಂಬರ್ ಕೊಡಬೇಕಿತ್ತು ಬಾಲಂಗೋಚಿ, ಅದು ಒಂದು ಫರ್ಲಾಂಗ್ ಹಿಂದೆ ಬರ್ತಾ ಇದೆ” ಎಂದ. ಅವಳು ಮಂಡಿಯೂರಿ ಅವನ ಮೀನಖಂಡ ತಿಕ್ಕಿದಳು. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ತಲೆ ಎತ್ತಿದಾಗ ಮುಂದೆ ಬರೀ ಬಿಳುಪು. ಚಿಕ್ಕಪ್ಪ ಮುಂದೆ ಹೋಗಿದ್ದಾರೆ ಎಂದುಕೊಂಡು, ಬೇಕರಿಯವನನ್ನು ಎಬ್ಬಿಸಿ, ಅವನ ಹಿಂದೆ ಓಡಿದಳು.

ಗುಡ್ಡದ ನೆತ್ತಿಯ ನೀರಿನ ಟ್ಯಾಂಕಿನ ಬಳಿ ನರ್ಸಕ್ಕ ಪಟ್ಟಿ ಹಿಡಿದು ಕೂತಿದ್ದಳು. ದಾಟಿ ಹೋದ ಪ್ರತಿಯೊಬ್ಬರ ನಂಬರಿಗೂ ಒಂದು ಗೀಟು. ಬೇಕರಿಯವನಿಗೆ ನೀರು ಕೊಟ್ಟು, ಗೀಟು ಹಾಕಿ, ದರ್ಜಿಯನ್ನು ನೋಡಿದಳು.

“ನೀನ್ಯಾಕೆ ಇಷ್ಟು ಬೇಗ ಬಂದೆ?”

“ಬೇಗ ಎಲ್ಲಿ? ಎಲ್ಲರೂ ಆದ್ರಲ್ಲ.”

“ಅರವತ್ತಮೂರೇ ಆಗಿರೋದು. ನಿಮ್ಮ ಚಿಕ್ಕಪ್ಪ ಬಂದಿಲ್ಲ.”

ಅವಳು ಪಟ್ಟಿ ಕಿತ್ತುಕೊಂಡು ನೋಡಿದಳು. ಇಪ್ಪತ್ತಾರಕ್ಕೆ ಗೀಟು, ಇಪ್ಪತ್ತೆಂಟಕ್ಕೆ ಗೀಟು. ನಡುವಿನ ಸಂಖ್ಯೆ ಬೋಳಾಗಿ ನಿಂತಿತ್ತು. ಟ್ಯಾಂಕಿನ ತನಕ ರಸ್ತೆ ಒಂದೇ, ಕವಲಿಲ್ಲ. ಮುಂದೆ ಹೋಗಿಲ್ಲ, ಹಿಂದೆ ಕಂಡಿಲ್ಲ.

ಕವಲು ಒಂದಿತ್ತು. ಅದು ರಸ್ತೆಯಲ್ಲ, ಕಾಲುದಾರಿ. ಬೇಕರಿಯವನು ಕೂತಿದ್ದ ಕಲ್ಲಿನಿಂದ ತುಸು ಮುಂದೆ ಬಲಕ್ಕೆ ಹೊರಳಿ ಗುಡ್ಡದ ಹಿಂಬದಿಯ ಆರು ಮನೆಗಳಿಗೆ ಹೋಗುತ್ತಿದ್ದದ್ದು. ಚಿಕ್ಕಪ್ಪ ಕಾಗದ ಹಂಚುತ್ತಿದ್ದ ದಾರಿ. ಅವರು ನಿವೃತ್ತರಾಗಿ ಹನ್ನೊಂದು ವರ್ಷ. ಆಮೇಲೆ ಅಲ್ಲಿ ಕಲ್ಲು ಕ್ವಾರಿ ಬಂತು, ಆರು ಮನೆಯವರೂ ಎದ್ದು ಹೋದರು. ಈಗ ಆ ದಾರಿ ಮುನ್ನೂರು ಹೆಜ್ಜೆ ಹೋಗಿ, ಬೇಲಿಯೂ ಇಲ್ಲದೆ, ಗಾಳಿಯಲ್ಲಿ ಮುಗಿಯುತ್ತದೆ.

“ಮೇಷ್ಟ್ರಿಗೆ ಫೋನ್ ಮಾಡು. ಕ್ವಾರಿ ಹತ್ತಿರ ಅನ್ನು,” ಎಂದವಳೇ ಬಂದ ದಾರಿಯಲ್ಲಿ ಇಳಿಯತೊಡಗಿದಳು. ಎಂಟು ವರ್ಷದಲ್ಲಿ ಅವಳು ಹಾಗೆ ಓಡಿದ್ದಿಲ್ಲ. ಮಂಜಿನಲ್ಲಿ ತನ್ನ ಮುಂಗೈಯೇ ಮಸುಕು. ಹೇಳಬೇಡ ಅಂದರು, ನಾನು ಹೇಳಲಿಲ್ಲ. ಹೇಳಬೇಡ ಅಂದರು, ನಾನು ಹೇಳಲಿಲ್ಲ. ಪ್ರತಿ ಹೆಜ್ಜೆಗೂ ಅದೇ ಮಾತು ಕಾಲಿನಿಂದ ತಲೆಗೆ ಬಡಿಯುತ್ತಿತ್ತು.

ಕಾಲುದಾರಿಯ ಬಾಯಲ್ಲಿ ಕೆಂಪು ಮಣ್ಣು ಒದ್ದೆಯಾಗಿತ್ತು. ಒಂದು ಸಾಲು ಹೆಜ್ಜೆ, ಒಳಕ್ಕೆ ಮಾತ್ರ.

ಅವಳು ನಡಿಗೆ ನಿಧಾನ ಮಾಡಿದಳು. ಗಿಡಗಂಟಿ ತೊಡೆ ಗೀರಿದವು. ಇನ್ನೂರು ಹೆಜ್ಜೆ ಆದ ಮೇಲೆ ಮಂಜಿನೊಳಗೆ ಒಂದು ಬೆನ್ನು ಮೂಡಿತು, ಎಡಕ್ಕೆ ಇಳಿದ ಭುಜ. ಅದು ಅವಸರವಿಲ್ಲದೆ ನಡೆಯುತ್ತಿತ್ತು. ಅದರಾಚೆ ಮರಗಳಿರಲಿಲ್ಲ, ನೆಲವಿರಲಿಲ್ಲ; ಬೆಳಕು ಮಾತ್ರ ಬೇರೆ ಬಣ್ಣಕ್ಕೆ ತಿರುಗಿತ್ತು.

ಕೂಗಬೇಕೆಂದು ಬಾಯಿ ತೆರೆದಳು, ಕೂಗಲಿಲ್ಲ. ಚಿಕ್ಕಪ್ಪಾ ಎಂದು ಕಿರುಚಿದರೆ ಬೆಚ್ಚುತ್ತಾರೆ. ಬೆಚ್ಚಿದವರ ಕಾಲು ಎತ್ತ ಬೀಳುತ್ತದೋ. ಅದೂ ಅಲ್ಲದೆ, ಮುಂದೆ ಹೋಗುತ್ತಿರುವವರು ಈ ಹೊತ್ತಿಗೆ ಯಾರ ಚಿಕ್ಕಪ್ಪನೂ ಅಲ್ಲ ಎಂದು ಆ ನಡಿಗೆಯಲ್ಲೇ ಅವಳಿಗೆ ಕಂಡಿತ್ತು. ಬಾಗಿಲಲ್ಲಿ ನಿಂತು ಕೇಳುವವರ ಹಾಗೆ, ಸಹಜವಾಗಿ, ಸ್ವಲ್ಪ ರಾಗ ಎಳೆದು ಕೇಳಿದಳು.

“ಪೋಸ್ಟಣ್ಣಾ... ನಮಗೇನಾದ್ರೂ ಬಂದಿದೆಯಾ?”

ಬೆನ್ನು ನಿಂತಿತು. ಬಲಗೈ ಎಡಸೊಂಟಕ್ಕೆ ಹೋಗಿ, ಇಲ್ಲದ ಚೀಲದ ಬಾಯಿ ಹುಡುಕಿತು. ಒಂದಷ್ಟು ಹೊತ್ತು ಹುಡುಕಿತು. ಆಮೇಲೆ ಅವರು ಪೂರ್ತಿ ಅವಳ ಕಡೆ ತಿರುಗಿದರು.

“ಇವತ್ತೇನೂ ಇಲ್ಲಮ್ಮ,” ಎಂದರು, ಬಲು ಮರ್ಯಾದೆಯಿಂದ. “ನಾಳೆ ನೋಡೋಣ.”

ಆ ಮರ್ಯಾದೆ ಹೊರಗಿನವರಿಗೆ ಕೊಡುವಂಥದ್ದು. ಅವರ ಕಣ್ಣಲ್ಲಿ ಅವಳಿರಲಿಲ್ಲ.

“ಒಂದ್ನಿಮಿಷ ಈ ಕಡೆ ಬನ್ನಿ. ನೀರು ಕುಡ್ಕೊಂಡು ಹೋಗಿ,” ಎಂದು ಕೈ ಚಾಚಿದಳು.

ಒಂದು ಹೆಜ್ಜೆ ಬಂದರು. ಇನ್ನೊಂದು. ಅವರ ಹಿಂದೆ ಸಡಿಲ ಕಲ್ಲೊಂದು ಉರುಳಿತು. ಅದು ಕೆಳಗೆ ಬಿದ್ದ ಸದ್ದು ಬಹಳ ತಡವಾಗಿ ಬಂತು. ಅವಳು ಅವರ ಮಣಿಕಟ್ಟು ಹಿಡಿದು ಎಳೆದುಕೊಂಡಳು. ಇಬ್ಬರೂ ಮುಳ್ಳಿನ ಪೊದೆಗೆ ಒರಗಿ ಬಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ತಮ್ಮ ಎದೆಯ ಚೀಟಿಯನ್ನು ಮುಟ್ಟಿ ನೋಡಿಕೊಂಡರು. ಅವಳನ್ನು ನೋಡಿದರು. “ನೀನಾ?” ಎಂದರು. ತಿರುಗಿ ಆ ಬಿಳುಪನ್ನು ನೋಡಿದಾಗ ಅವರ ಗಲ್ಲ ಅದುರಿತು. “ಇಲ್ಲೊಂದು ನೀಲಿ ಬಾಗಿಲಿತ್ತಲ್ಲ, ಮಗಳೇ?”

“ಇತ್ತು. ಈಗಿಲ್ಲ.”

ಅಷ್ಟರಲ್ಲಿ ರಸ್ತೆಯಿಂದ ಮೇಷ್ಟ್ರ ಬೈಕಿನ ಹಾರ್ನ್ ಕೇಳಿಸಿತು. ಅವರು ಬೈಕಿನ ಮೇಲೆ ಕರೆದೊಯ್ಯುತ್ತೇನೆಂದರೂ ಚಿಕ್ಕಪ್ಪ ಒಪ್ಪಲಿಲ್ಲ. “ನಂಬರ್ ಹಾಕ್ಕೊಂಡಿದ್ದೀನಿ. ಮುಟ್ಟಿಸದೆ ವಾಪಸ್ ತಂದಿದ್ದು ಒಂದೂ ಇಲ್ಲ ನನ್ನ ಸರ್ವಿಸಲ್ಲಿ” ಎಂದರು. ಉಳಿದ ಹದಿನೈದು ಕಿಲೋಮೀಟರ್ ನಡೆದರು. ಮೇಷ್ಟ್ರು ಬೈಕು ತಳ್ಳುತ್ತಾ ಕಣಿವೆಯ ಬದಿಗೆ, ಚಿಕ್ಕಪ್ಪ ನಡುವೆ, ಅವಳು ಹಿಂದೆ, ಅವರ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ಮಂಜು ಹರಿದು ಕೆರೆ ಕಂಡಿತು. ಆಗಲೂ ಬಿಡಲಿಲ್ಲ.

ಗೆರೆಯ ಬಳಿ ಇಪ್ಪತ್ತು ಮಂದಿ ಉಳಿದಿದ್ದರು. ಬೇಕರಿಯವನು ಚಪ್ಪಾಳೆ ತಟ್ಟಿ, “ಏನ್ ಯಜಮಾನ್ರೇ, ದಾರಿ ತಪ್ಪಿದ್ರಾ?” ಎಂದ.

“ನಾನೆಲ್ಲಿ ತಪ್ಪಿದೆ? ಬಾಲಂಗೋಚಿ ಹರ್ಕೊಂಡು ಹೋಗಿತ್ತು. ಹುಡುಕಿಕೊಂಡು ಬಂದೆ,” ಎಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ಅವಳೂ ತುಟಿ ಅರಳಿಸಿದಳು.

ಚಿಕ್ಕಮ್ಮ ನಗಲಿಲ್ಲ. ಟವಲು ತಂದು ಗಂಡನ ಹೆಗಲಿಗೆ ಹಾಕಿ, ಬೆಂಚಿನ ಮೇಲೆ ಕೂರಿಸಿ, ಶೂ ಬಿಚ್ಚಲು ಬಗ್ಗಿದರು. ಅಲ್ಲೇ ಕೈ ತಡೆಯಿತು. ಓಟದ ದಾರಿಯುದ್ದಕ್ಕೂ ಟಾರು. ಶೂವಿಗೆ ಅಂಟಿದ್ದು ಕ್ವಾರಿಯ ಕೆಂಪು ಮಣ್ಣು. ಚಿಕ್ಕಮ್ಮ ಅದನ್ನು ಹೆಬ್ಬೆರಳಿನಿಂದ ಕೆರೆದು ನೋಡಿದರು. ಚಿಕ್ಕಪ್ಪ ಮೇಷ್ಟ್ರ ಜೊತೆ ಏನೋ ಮಾತಾಡುತ್ತಿದ್ದರು.

“ಯಾವಾಗಿಂದ?” ಎಂದು ಚಿಕ್ಕಮ್ಮ ತಲೆ ಎತ್ತದೆ ಕೇಳಿದರು.

ದರ್ಜಿ ನೆಲದ ಮೇಲೆ ಕೂತು ಇನ್ನೊಂದು ಶೂವನ್ನು ಮಡಿಲಿಗೆ ಎಳೆದುಕೊಂಡಳು. ದಾರದ ಗಂಟು ಬಿಗಿದಿತ್ತು. ಉಗುರಿನಿಂದ ಬಿಡಿಸತೊಡಗಿದಳು.

“ಸ್ಕೂಲ್ ಯೂನಿಫಾರಂ ಹೊಲಿಯೋವಾಗಿಂದ, ಚಿಕ್ಕಮ್ಮ,” ಎಂದಳು. “ಇದೇ ಚಡ್ಡಿ ಇನ್ನೂ ಎರಡು ಅಂಗಡಿ ಬೀರುವಲ್ಲಿವೆ.”