ನಲ್ಲಿ ನೋಡಿ ಶಾಲೆ ಹುಡುಕಿದವನು

ನಲ್ಲಿಯಣ್ಣನಿಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಯಾರ ಮನೆಗಾದರೂ ಹೋದಾಗ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಸಾಕು, ಕುಡಿಯುತ್ತಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಅದರ ಕತ್ತು ಹಿಡಿಯುತ್ತಿದ್ದ. “ಒಂದು ವಾಷರ್ ಹಾಕಿಸೋಕೆ ಏನು ಧಾಡಿ ಇವರಿಗೆ?” ಎಂದು ಮನೆ ತಲುಪುವವರೆಗೂ ಗೊಣಗುತ್ತಿದ್ದ. ಹೆಂಡತಿ ಅವನ ಜೊತೆ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಪ್ಲಂಬರ್ ಕೆಲಸವನ್ನು ಅವನು ಸೋದರಮಾವನ ಕೈಕೆಳಗೆ ಬೈಸಿಕೊಂಡು ಕಲಿತವನು. ನೀರು ಬರುವ ದಾರಿ, ನೀರು ಹೋಗುವ ದಾರಿ, ಎರಡೂ ಸರಿಯಿದ್ದರೆ ಆ ಮನೆಯಲ್ಲಿ ನೆಮ್ಮದಿ ಇರುತ್ತದೆ ಎಂಬುದು ಮಾವ ಹೇಳಿಕೊಟ್ಟ ಮಾತು. ಸುತ್ತಲಿನ ಬೀದಿಗಳಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಪೈಪು ಒಡೆದ ಮನೆಯವರಿಗೆಲ್ಲ ಅವನು ನಲ್ಲಿಯಣ್ಣ. ಊರಿಗೆಲ್ಲ ನೀರು ಹರಿಸಿದ ಇಂಥವನ ಮನೆಯಲ್ಲೇ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಿಜವಾಗಬೇಕಿತ್ತೇ?

ಅವನಿಗೆ ಒಬ್ಬಳೇ ಮಗಳು, ಎರಡನೇ ಕ್ಲಾಸು. ಗುಬ್ಬಿ ಎಂದೇ ಕರೆಯುತ್ತಿದ್ದರು. ಸರ್ಕಾರಿ ಶಾಲೆ ಮನೆಗೆ ಹತ್ತಿರ, ಪಾಠವೂ ಪರವಾಗಿಲ್ಲ. ಸಂಜೆ ಬಂದವಳು ಬೆನ್ನಿನ ಚೀಲವನ್ನೂ ಇಳಿಸದೆ ನೇರ ಬಚ್ಚಲಿಗೆ ಓಡುತ್ತಿದ್ದಳು. ಒಂದು ಚಪ್ಪಲಿ ಹೊಸ್ತಿಲಲ್ಲಿ, ಇನ್ನೊಂದು ನಡುಮನೆಯಲ್ಲಿ. “ರೈಲು ಬಂತು, ದಾರಿ ಬಿಡ್ರಪ್ಪಾ!” ಎಂದು ಅಪ್ಪ ಕೂಗುತ್ತಿದ್ದ. ಆ ತಮಾಷೆಗೆ ಮನೆಯವರೆಲ್ಲ ಒಂದು ವರ್ಷ ನಕ್ಕರು. ಆಮೇಲೆ ಅವಳಿಗೆ ಜ್ವರ ಬಂತು, ಬಿಡಲೇ ಇಲ್ಲ.

“ಮೂತ್ರದ ಸೋಂಕು,” ಎಂದರು ಡಾಕ್ಟರಮ್ಮ. “ಬೆಳಿಗ್ಗೆ ಶಾಲೆಗೆ ಹೋದವಳು ಸಂಜೆ ತನಕ ಒಂದಕ್ಕೇ ಹೋಗಲ್ವಂತೆ. ಹೋಗಬೇಕಾಗುತ್ತೆ ಅಂತ ನೀರೂ ಕುಡಿಯಲ್ಲ. ಪದೇ ಪದೇ ಹೀಗಾದ್ರೆ ಕಿಡ್ನಿಗೆ ಪೆಟ್ಟು ಬೀಳುತ್ತೆ, ಹುಡುಗಾಟ ಅಲ್ಲ ಇದು. ಚೆನ್ನಾಗಿ ನೀರು ಕುಡೀಬೇಕು, ಬಂದಾಗ ಹೋಗಬೇಕು. ಅಷ್ಟೇ.”

ಅಷ್ಟೇ ಅಂತೆ! ನೀರು ಕುಡಿದಷ್ಟು ಸುಲಭ ಎನ್ನುತ್ತಾರಲ್ಲ, ಆ ಮಾತು ಕಟ್ಟಿದವನಿಗೆ ಶಾಲೆಗೆ ಹೋಗುವ ಮಗಳು ಇರಲಿಲ್ಲವೆಂದು ಕಾಣುತ್ತದೆ.

ಮರುದಿನವೇ ನಲ್ಲಿಯಣ್ಣ ಶಾಲೆಗೆ ಹೋಗಿ ಶೌಚಾಲಯದ ಬಾಗಿಲು ತೆಗೆದು ನೋಡಿದ. ನೋಡಿ ಮುಚ್ಚಿದ. ನಲ್ಲಿಯ ಕುತ್ತಿಗೆ ಮುರಿದಿತ್ತು, ತೊಟ್ಟಿ ಒಣಗಿತ್ತು, ಚಿಲಕದ ಜಾಗದಲ್ಲಿ ತೂತು ಮಾತ್ರ ಇತ್ತು. ರಜೆಯ ದಿನ ತನ್ನದೇ ಸಾಮಾನು ತಂದು ಎಲ್ಲವನ್ನೂ ಸರಿ ಮಾಡಿಕೊಟ್ಟ. ವಾರದೊಳಗೆ ನಲ್ಲಿಯನ್ನು ಯಾರೋ ಕಿತ್ತೊಯ್ದರು. ಹಲ್ಲು ಕಡಿದುಕೊಂಡು ಇನ್ನೊಂದು ಹಾಕಿದ, ಕಬ್ಬಿಣದ ಪಟ್ಟಿ ಬಿಗಿದು. ಇದು ಹೇಗಿದೆ ನೋಡೋಣವೆಂದು ಹೋದರೆ ಬಾಗಿಲಿಗೆ ಅಂಗೈ ಅಗಲದ ಬೀಗ.

“ಬೀಗ ಯಾಕೆ ಮೇಡಂ?” ಎಂದು ಮುಖ್ಯ ಶಿಕ್ಷಕಿಯನ್ನು ಕೇಳಿದ.

“ಇನ್ನೇನು ಮಾಡ್ಲಿ ಹೇಳಿ. ಸಂಜೆಯಾದ್ರೆ ಯಾರ್ಯಾರೋ ಗೋಡೆ ಹಾರಿ ಬರ್ತಾರೆ. ಪಾಪ, ನೀವು ಕೈಯಿಂದ ಹಾಕಿಕೊಟ್ಟ ನಲ್ಲಿ, ಅದಾದ್ರೂ ಉಳೀಲಿ ಅಂತ.”

“ನಲ್ಲಿ ಉಳೀತು. ಮಕ್ಕಳು?”

“ಕೇಳಿದ್ರೆ ಕೀ ಕೊಡ್ತೀನಲ್ಲ!”

ಕೀ ಮೇಡಂ ಚೀಲದಲ್ಲಿ, ಚೀಲ ಆಫೀಸಿನ ಬೀರುವಿನಲ್ಲಿ, ಮೇಡಂ ಮಾತ್ರ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಗಂಟಲು ಹರಿದುಕೊಳ್ಳುತ್ತ. ಅವರಿಗೆ ಒಬ್ಬ ಆಯಾಳನ್ನು ಕೊಟ್ಟವರಿಲ್ಲ, ಕೇಳಿ ಕೇಳಿ ಅವರೂ ಸೋತಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲ ಎಂದು ರೇಗಲು ಹೊರಟವನು ಆ ಬೆವೆತ ಮುಖ ನೋಡಿ ಬಂದ ದಾರಿಗೇ ತಿರುಗಿದ. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗದಿದ್ದರೆ ಸಿಟ್ಟು ಇಮ್ಮಡಿಯಾಗುತ್ತದೆ. ಅವತ್ತು ಯಾರದೋ ಮನೆಯ ಪೈಪನ್ನು ಬಿಗಿ ಮಾಡಲು ಹೋಗಿ ಮುರಿದೇ ಹಾಕಿದ.

ಸುದ್ದಿ ಹರಡಿತು, ಬಿಟ್ಟಿ ಉಪದೇಶ ಶುರುವಾಯಿತು. ಸಿಂಕಿನ ಕೆಳಗೆ ಅಂಗಾತ ಮಲಗಿದವನಿಗೆ ಬುದ್ಧಿ ಹೇಳುವಷ್ಟು ಸುಖ ಬೇರೆ ಇಲ್ಲ. ಅವನ ಹಲ್ಲಿನ ನಡುವೆ ಟೇಪು, ಎರಡೂ ಕೈ ಪೈಪಿನ ಮೇಲೆ, ಎದುರಾಡುವ ಹಾಗಿಲ್ಲ. “ಖಾಸಗಿ ಶಾಲೆಗೆ ಹಾಕಪ್ಪಾ, ಇರೋದು ಒಂದು ಮಗು,” ಎಂದು ಒಂದು ಮನೆಯವರು. “ಖಾಸಗಿಯಾ? ಹೊರಗೆ ಥಳಕು, ಒಳಗೆ ಹುಳುಕು. ನಾವೆಲ್ಲ ಸರ್ಕಾರಿ ಶಾಲೇಲಿ ಓದಿ ಮನುಷ್ಯರಾಗಿಲ್ವಾ?” ಎಂದು ಇನ್ನೊಂದು ಮನೆಯವರು. ಇವರ ಮೊಮ್ಮಕ್ಕಳು ಯಾವ ಶಾಲೆಯೆಂದು ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲಿಗೆ ಹಳದಿ ವ್ಯಾನು ಬರುತ್ತಿತ್ತು.

ಬಾಮೈದನದು ಮೂರನೆಯ ದಾರಿ. ಅವನು ಎಲ್ಲಿ ಏನು ಕೇಳಿದರೂ ಅಕ್ಕನ ಮನೆಗೆ ತಂದು ಸುರಿಯುವವನು. “ಭಾವ, ಶಾಲೆಯೇ ಬೇಡ. ಮನೇಲೇ ಕಲಿಸಿ. ಈಗ ದೊಡ್ಡ ದೊಡ್ಡವರೆಲ್ಲ ಹಾಗೇ ಮಾಡೋದು. ಅಕ್ಕ ಓದಿದೋಳು ತಾನೆ?”

ಹೆಂಡತಿ ಓದಿದವಳು ಹೌದು. ಮನೆಯಲ್ಲೇ ಕೂತು ಬಟ್ಟೆ ಅಂಗಡಿಯವರಿಗೆ ಗುಂಡಿ, ಕಾಜಾ, ಅಂಚಿನ ಹೊಲಿಗೆ ಮಾಡಿಕೊಡುತ್ತಿದ್ದಳು. ಸರಿ, ಹೊಲಿಗೆ ಮಿಷನ್ನಿನ ಪಕ್ಕ ಸಣ್ಣ ಮೇಜು ಬಂತು. ಒಳ್ಳೆಯದೂ ಆಯಿತು. ಗುಬ್ಬಿ ನೀರು ಕುಡಿದಳು, ಬಂದಾಗ ಹೋದಳು, ಕೆನ್ನೆಗೆ ಬಣ್ಣ ಬಂತು. ಆದರೆ ಅಮ್ಮ ಮಗಳು ಒಂದೇ ಮೇಜಿಗೆ ಕೂತರೆ ಎತ್ತು ಏರಿಗೆ, ಕೋಣ ನೀರಿಗೆ. “ಮಿಸ್ ಹೀಗೆ ಹೇಳ್ಕೊಡಲ್ಲ,” ಎಂದು ಇವಳು. “ನಾನು ನಿನ್ನ ಮಿಸ್ ಅಲ್ಲ ಕಣೇ, ಅಮ್ಮ,” ಎಂದು ಅವಳು. ಕಳೆಯುವ ಲೆಕ್ಕಕ್ಕೆ ಶುರುವಾದ ಜಗಳ ಮಧ್ಯಾಹ್ನದ ಊಟದವರೆಗೆ ನಡೆಯುತ್ತಿತ್ತು, ಅಂಗಡಿಯವರ ಅಂಗಿಗಳಿಗೆ ಗುಂಡಿಗಳು ಸೊಟ್ಟಗೆ ಕೂರುತ್ತಿದ್ದವು.

ಒಂದು ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು ತಡೆದಳು. ಒಳಗೆ ಗುಬ್ಬಿ ಅಪ್ಪನ ಸಾಮಾನಿನ ಡಬ್ಬಿ ಬಿಚ್ಚಿ, ಮೊಣಕೈಯಂತೆ ಬಾಗಿದ ಎಲ್ಬೋ, ಮೂರು ಬಾಯಿಯ ಟೀ, ಹೀಗೆ ಪೈಪು ಜೋಡಿಸುವ ತುಂಡುಗಳನ್ನೆಲ್ಲ ತರಗತಿಯ ಮಕ್ಕಳಂತೆ ಸಾಲಾಗಿ ಕೂರಿಸಿದ್ದಳು. “ಎಲ್ಬೋ, ಹಿಂದೆ ತಿರುಗಬೇಡ. ಟೀ, ನಿನ್ನ ಪಕ್ಕ ಯಾರು ಕೂತ್ಕೋತಾರೆ ಇವತ್ತು?” ಎಂದು ಕೇಳಿ, ಉತ್ತರವನ್ನೂ ತಾನೇ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು.

“ರೀ, ಪಾಠ ಬೇಕಾದ್ರೆ ಹೇಳ್ಕೊಡ್ತೀನಿ,” ಎಂದಳು ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. “ಅವಳ ಜೊತೆಗಾರ್ತಿ ಆಗೋಕೆ ನನ್ನ ಕೈಲಾಗಲ್ಲ. ಮಕ್ಕಳ ಮಧ್ಯೆ ಬಿಡಿ ಅವಳನ್ನ.”

ಹಾಗೆ ಉಳಿದದ್ದು ಖಾಸಗಿ ಶಾಲೆ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಿತ್ತು ಅಲ್ಲಿಯ ಫೀಸು. ಆದರೂ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದರು. ಪ್ರಿನ್ಸಿಪಾಲರು ಕಂಪ್ಯೂಟರ್ ಕೋಣೆ ತೋರಿಸಿದರು, ಪುಸ್ತಕದ ಕೋಣೆ ತೋರಿಸಿದರು, ಈಜುಕೊಳ ಕಟ್ಟಿಸಲಿರುವ ಖಾಲಿ ಜಾಗವನ್ನೂ ಬಿಡದೆ ತೋರಿಸಿದರು.

“ಅದಿರಲಿ ಸಾರ್, ಹುಡುಗೀರ ಟಾಯ್ಲೆಟ್ ಎಲ್ಲಿ?” ಎಂದ ನಲ್ಲಿಯಣ್ಣ.

ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. ಇವನು ಬಿಡಬೇಕಲ್ಲ! ಒಳಗೆ ಹೋಗಿ ಒಂದೊಂದು ನಲ್ಲಿಯನ್ನೂ ತಿರುಗಿಸಿದ, ಒಂದೊಂದು ಫ್ಲಶ್ಶನ್ನೂ ಎಳೆದು ತೊಟ್ಟಿ ತುಂಬುವವರೆಗೆ ಕಾದ, ಚಿಲಕ ಹಾಕಿ ತೆಗೆದ, ಮಂಡಿಯೂರಿ ಮೋರಿಯ ಜಾಲರಿಗೆ ಮೂಗು ಹಿಡಿದ. ಪ್ರಿನ್ಸಿಪಾಲರು ಹೊರಗೆ ನಿಂತು ಗಡಿಯಾರ ನೋಡಿಕೊಂಡರು. ಎದ್ದು ಬಂದವನ ಮುಖ ಅರಳಿತ್ತು. ಇಂಥ ಕೆಲಸ ತಾನೂ ಮಾಡಲಾರೆ ಎಂದು ಬಾಯಿಬಿಟ್ಟು ಹೊಗಳಿದ. ಹೋಗುವಾಗ ತರಗತಿಯ ಗೋಡೆಯ ಮೇಲೆ ಬಣ್ಣದ ನಕ್ಷತ್ರಗಳನ್ನು ಅಂಟಿಸಿದ್ದ ಚಾರ್ಟು ಕಂಡಿತು. ಅದೂ ಚೆನ್ನಾಗಿದೆ ಎಂದ.

ಗುಬ್ಬಿ ಸೇರಿದಳು. ಮೊದಲ ವಾರವೇ ಇಬ್ಬರು ಗೆಳತಿಯರು ಸಿಕ್ಕರು, ಬಾಯ್ತುಂಬ ಅವರದೇ ಮಾತು. ಎರಡನೇ ವಾರ ಅವನು ಮಧ್ಯಾಹ್ನವೇ ಕೆಲಸ ಮುಗಿಸಿ ಮನೆಯಲ್ಲಿದ್ದ. ವ್ಯಾನು ನಿಂತ ಸದ್ದಾಯಿತು. ಒಂದು ಶೂ ಹೊಸ್ತಿಲಲ್ಲಿ ಬಿತ್ತು, ಇನ್ನೊಂದು ನಡುಮನೆಯಲ್ಲಿ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಬಚ್ಚಲ ಬಾಗಿಲು ಧಡಾರನೆ ಮುಚ್ಚಿತು.

ಅವಳು ಹೊರಗೆ ಬರುವವರೆಗೆ ಕಾದು ಕೇಳಿದ: “ಯಾಕೆ, ಸ್ಕೂಲಲ್ಲಿ ನೀರಿಲ್ವಾ?”

“ಇದೆ.”

“ಬೀಗ ಹಾಕಿರ್ತಾರಾ?”

“ಇಲ್ಲಪ್ಪ.”

“ಮತ್ತೆ?”

ಗುಬ್ಬಿ ಫ್ರಾಕಿನ ತುದಿ ತಿರುಚಿದಳು. “ಪಾಠದ ಮಧ್ಯೆ ಯಾರಾದ್ರೂ ಎದ್ದು ಹೋದ್ರೆ ಮಿಸ್ ಚಾರ್ಟಿಂದ ಅವರ ಸಾಲಿನ ಸ್ಟಾರ್ ಕಿತ್ತುಬಿಡ್ತಾರೆ. ಇಡೀ ಸಾಲಿಂದು. ಆಮೇಲೆ ಎಲ್ಲರೂ ನಮ್ಮನ್ನ ಬೈತಾರೆ.”

“ಬಿಡುವಿದ್ದಾಗ ಹೋಗು.”

“ಆಗ ದೊಡ್ಡ ಕ್ಲಾಸಿನ ಅಕ್ಕಂದಿರು ತುಂಬಿಕೊಂಡಿರ್ತಾರೆ. ನಮ್ಮ ಸರದಿ ಬರೋಷ್ಟರಲ್ಲಿ ಗಂಟೆ ಹೊಡೆಯುತ್ತೆ.” ಒಮ್ಮೆಲೇ ಅವಳ ಮುಖ ಬೆಳಗಿತು. “ಈ ವಾರ ನಮ್ಮ ಸಾಲಿಂದು ಒಂದೂ ಹೋಗಿಲ್ಲಪ್ಪ, ಗೊತ್ತಾ?”

ಅವಳ ನೀರಿನ ಬಾಟಲಿ ಖಾಲಿಯಾಗಿತ್ತು. ಆ ನೀರನ್ನು ದಿನಾ ಮನೆಗೆ ಬರುವ ವ್ಯಾನು ಹತ್ತುವ ಮುಂಚೆ ಶಾಲೆಯ ಗಿಡಕ್ಕೆ ಸುರಿಯುತ್ತಾಳೆಂದು ಆಮೇಲೆ ತಿಳಿಯಿತು. ನಲ್ಲಿಯಣ್ಣನಿಗೆ ಪಿತ್ತ ನೆತ್ತಿಗೇರಿತು, ಅದೂ ತನ್ನ ಮೇಲೆಯೇ. ಪೈಪು ನೋಡಿದ್ದ, ಫ್ಲಶ್ಶು ನೋಡಿದ್ದ, ಮೋರಿಗೆ ಮೂಗು ಹಿಡಿದಿದ್ದ. ಅಷ್ಟು ಚೆಂದದ ನಲ್ಲಿಯ ಹತ್ತಿರ ಮಗು ಹೋಗುವಂತಿದೆಯೇ ಎಂದು ಕೇಳಲು ಈ ಜಾಣನಿಗೆ ಹೊಳೆದಿರಲಿಲ್ಲ.

ಬೇರೆ ಶಾಲೆ ನೋಡೋಣವೆಂದರೆ ಗುಬ್ಬಿ ಅನ್ನ ಬಿಟ್ಟಳು. ತನ್ನ ಗೆಳತಿಯರು ಅಲ್ಲೇ ಇದ್ದಾರೆ, ತಾನೂ ಅಲ್ಲಿಗೇ ಹೋಗುವುದು ಎಂದು ಹಟ. ಹಾಗಾದರೆ ಶಾಲೆಯವರೇ ಬದಲಾಗಲಿ ಎಂದು ಅವನು ಪೋಷಕರ ಸಭೆಗೆ ಕಾದ. ಆ ದಿನ ಹಾಲ್ ತುಂಬಿತ್ತು, ಮಕ್ಕಳೂ ಅಪ್ಪ ಅಮ್ಮಂದಿರ ಜೊತೆ ಕೂತಿದ್ದರು. ಫಲಿತಾಂಶ, ಶಿಸ್ತು, ಈಜುಕೊಳ ಎಲ್ಲ ಮುಗಿದ ಮೇಲೆ ಅವನು ಎದ್ದು ನಿಂತ.

“ನಿಮ್ಮ ಟಾಯ್ಲೆಟ್ ಚೆನ್ನಾಗಿದೆ ಸಾರ್. ಆದ್ರೆ ಮಕ್ಕಳು ಒಂದಕ್ಕೆ ಹೋಗೋಕೆ ಹೆದರ್ತಾರೆ. ಆ ಸ್ಟಾರ್ ಕೀಳೋದನ್ನ ನಿಲ್ಲಿಸಿ. ನನ್ನ ಮಗಳಿಗೆ ಒಂದ್ಸಲ ಸೋಂಕಾಗಿದೆ. ಇನ್ನೊಂದ್ಸಲ ಆಗಬಾರದು ಅಂತ ಡಾಕ್ಟ್ರು ಹೇಳಿದ್ದಾರೆ.”

ಎಲ್ಲೋ ಕಿಸಕ್ಕೆಂದು ನಗೆ. ಟೈ ಕಟ್ಟಿದ ಒಬ್ಬ ತಂದೆ ತಿರುಗಿ, “ಸ್ವಲ್ಪ ತಡ್ಕೊಳ್ಳೋದನ್ನೂ ಕಲೀಬೇಕಲ್ವಾ ಮಕ್ಕಳು?” ಎಂದ.

“ನೀವು ತಡ್ಕೊಳ್ಳಿ ಸಾರ್ ಸಂಜೆ ತನಕ. ಆಮೇಲೆ ಮಾತಾಡೋಣ.”

ತರಗತಿಯ ಮಿಸ್ ಕೆಟ್ಟವರೇನಲ್ಲ. ಮೆತ್ತಗೆ ನಗುತ್ತಲೇ ಗುಬ್ಬಿಯನ್ನು ಹತ್ತಿರ ಕರೆದು ತಲೆ ನೇವರಿಸಿದರು. “ನಾನು ಯಾವತ್ತಾದ್ರೂ ಹೋಗಬೇಡ ಅಂದಿದ್ದೀನಾ ಪುಟ್ಟಾ?”

“ಇಲ್ಲ ಮಿಸ್.”

“ಮತ್ತೆ ಯಾಕೆ ಹೋಗಲ್ಲ?”

ಗುಬ್ಬಿ ಅಪ್ಪನ ಕಡೆ ನೋಡಲಿಲ್ಲ. ತನ್ನ ಸಾಲಿನ ಹುಡುಗಿಯರ ಕಡೆ ನೋಡಿದಳು. “ನನಗೆ ಬರೋದೇ ಇಲ್ಲ ಮಿಸ್.”

ಇಡೀ ಹಾಲ್ ನಕ್ಕಿತು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ಪ್ರೀತಿಯ ನಗೆ. ಅಂಥ ನಗೆಯ ಜೊತೆ ಜಗಳ ಆಡುವುದು ಹೇಗೆ? ಮಿಸ್‌ಗೆ ನಾಲ್ಕು ಸಮಾಧಾನದ ಮಾತು ಹೇಳಲು ಹೆಂಡತಿ ಒಳಗೇ ಉಳಿದಳು. ಇವನು ಮಗಳ ಕೈ ಹಿಡಿದು ಹೊರಗೆ ನಡೆದ. ಎಲ್ಲರ ಮುಂದೆ ಅಪ್ಪನನ್ನೇ ಸುಳ್ಳುಗಾರ ಮಾಡಿದೆಯಲ್ಲೇ ಎಂದು ಬೈಯಲು ಮಾತು ಜೋಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅವಳ ಬೆರಳುಗಳು ಅವನ ಅಂಗೈಯನ್ನು ಹಿಂಡತೊಡಗಿದವು. ಮಂಡಿಗೆ ಮಂಡಿ ಒತ್ತಿಕೊಂಡು ನಡೆಯುತ್ತಿದ್ದಳು.

“ಅಪ್ಪ, ಬೇಗ ಮನೆಗೆ ಹೋಗೋಣ.”

ಅವಳನ್ನು ಎತ್ತಿಕೊಂಡು, ‘ಇಲ್ಲಿ ಬೇಡಪ್ಪ, ಇಲ್ಲಿ ಬೇಡ’ ಎಂದು ಕಿವಿಯಲ್ಲಿ ಅಳುತ್ತಿದ್ದರೂ ಬಿಡದೆ, ಹಜಾರದ ಕೊನೆಯ ಶೌಚಾಲಯದ ಒಳಗೆ ಇಳಿಸಿದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ತಲೆಯೆತ್ತಿ ನೋಡಿದರೆ ಎದುರಿಗೆ ಇಬ್ಬರು ಸಣ್ಣ ಹುಡುಗಿಯರು. ಹಾಲ್‌ನಿಂದ ಹೇಗೋ ನುಸುಳಿ ಬಂದಿದ್ದರು.

“ಅಂಕಲ್, ನಾವೂ ಹೋಗಬಹುದಾ?”

“ಅದಕ್ಕೂ ನನ್ನ ಕೇಳಬೇಕೇನ್ರಮ್ಮಾ? ಹೋಗಿ!” ಅವನು ಬಾಗಿಲನ್ನು ತೋಳಿನಿಂದ ತಳ್ಳಿ ಹಿಡಿದ.

ಒಬ್ಬಳು ಅವನ ತೋಳಿನ ಕೆಳಗಿಂದ ಒಳಗೆ ನುಗ್ಗಿದಳು. ಎರಡು ಜಡೆಯವಳು ಇನ್ನೂ ಕಾಲು ಬದಲಿಸುತ್ತಿದ್ದಾಗ ಹಾಲ್‌ನ ಬಾಗಿಲು ತೆರೆದು ಮಿಸ್ ಹಜಾರಕ್ಕೆ ಬಂದರು. ಹುಡುಗಿ ಅವರನ್ನು ನೋಡಿದಳು, ನಲ್ಲಿಯಣ್ಣನನ್ನು ನೋಡಿದಳು.

“ನನಗೆ ಬರ್ತಿಲ್ಲ ಅಂಕಲ್,” ಎಂದು ತಿರುಗಿದಳು.

“ನಿಲ್ಲಮ್ಮ, ನಾನಿದ್ದೀನಿ,” ಎಂದ. ಅವಳು ನಿಲ್ಲಲಿಲ್ಲ. ಸಣ್ಣ ಸಣ್ಣ ಹೆಜ್ಜೆ ಇಡುತ್ತ ಮಿಸ್ ಪಕ್ಕದಿಂದ ಹಾಲ್ ಒಳಗೆ ಹೋದಳು.

ಗುಬ್ಬಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅಪ್ಪನ ಪಕ್ಕ ನಿಂತು ಅದನ್ನೇ ನೋಡಿದಳು.

“ಅವಳು ನಮ್ಮ ಸಾಲಿನವಳೇ ಅಪ್ಪ,” ಎಂದಳು ಮೆಚ್ಚುಗೆಯಿಂದ. “ನನಗಿಂತ ಚೆನ್ನಾಗಿ ತಡ್ಕೋತಾಳೆ.”