ಶಿರೂರಿನಲ್ಲಿ ಮಾತ್ರ ರಿಸ್ಟಾರ್ಟ್ ಆಗುತ್ತಿದ್ದ ಮಿಷನ್

ಕಳೆದ ವರ್ಷ, ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಹೊಸತು. ಕುಂದಾಪುರದಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ರೇಡಿಯೊ ರಿಪೇರಿಗೆ ಕೂತವನು ನಾನು. ಇವತ್ತು ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನ ಕೈಯಲ್ಲಿ ಜೋಡಣೆಯಾದ ಮಿಷನ್ ಇಲ್ಲದ ಊರು ಕಡಿಮೆ.

ಆಗ ಶಿರೂರಿನ ಶ್ರಾವ್ಯ ಎಂಬ ಕಾಲೇಜು ಹುಡುಗಿಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಕೊಟ್ಟಿದ್ದೆ. ಆನ್‌ಲೈನ್ ಪಂದ್ಯಗಳಲ್ಲಿ ಅವಳು ಒಂದು ತಂಡದ ಪರವಾಗಿ ಆಡುತ್ತಾಳೆ. ವಾರ ಕಳೆಯುವುದರೊಳಗೆ ಮಿಷನ್ ಹೊತ್ತುಕೊಂಡು ಅಂಗಡಿಗೆ ಬಂದಳು.

"ಅಣ್ಣ, ಆಡ್ತಾ ಆಡ್ತಾ ಟಕ್ ಅಂತ್. ಆಫ್ ಆಯಿ ಮತ್ತೆ ತನ್ನಷ್ಟಕ್ಕೇ ಆನ್ ಆತ್ತ್. ಈ ಆಯ್ತಾರ ಮ್ಯಾಚಲ್ಲೂ ಹಾಂಗೇ ಆರೆ ನನ್ನ ಟೀಮಿಂದ ತೆಗಿತ್ರ್."

ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಬಹಳ ಕರೆಂಟ್ ಎಳೆಯುತ್ತದೆ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದಮಾಡಿ ಕೊಡುವ ಪವರ್ ಸಪ್ಲೈ ಸೋತರೆ ಮಿಷನ್ ಹೀಗೇ ಮಾಡುತ್ತದೆ. ಬಿಸಿ ನೋಡಿದೆ, ರ‍್ಯಾಮ್ ಬದಲಿಸಿದೆ, ಕೇಬಲ್ ತೆಗೆದು ಹಾಕಿದೆ. ಪೂರ್ತಿ ಲೋಡ್ ಕೊಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.

"ಮಿಷನ್ ಸರಿ ಇತ್ತಲೆ" ಎಂದೆ.

"ಹಂಗಾರೆ ನಾ ಸುಳ್ಳ್ ಹೇಳುದಾ?"

ನಾನು ಕಟ್ಟಿದ ಮಿಷನ್ ಮೇಲೆ ನನಗೆ ಸಂಶಯವಿರಲಿಲ್ಲ. ಹುಡುಗಿಯ ಮಾತಿನ ಮೇಲೂ ಇರಲಿಲ್ಲ. ಎರಡೂ ನಿಜವಾದರೆ ಉಳಿಯುವುದು ಅವಳ ಮನೆ. ಶನಿವಾರ ಮಿಷನ್ ಕಾರಿಗೆ ಹಾಕಿಕೊಂಡು ಶಿರೂರಿಗೆ ಹೋದೆ.

ಚಾವಡಿಯಲ್ಲಿ ಅವಳು ಆಡಲು ಕೂತಳು. ಸ್ವಲ್ಪ ಹೊತ್ತಿಗೆ ಟಕ್! ಪರದೆ ಕಪ್ಪಾಯಿತು, ಮಿಷನ್ ಮೊದಲಿನಿಂದ ಶುರುವಾಯಿತು. ಆದರೆ ಆ ಸದ್ದು ಬಂದದ್ದು ಕ್ಯಾಬಿನೆಟ್ಟಿನಿಂದಲ್ಲ, ಗೋಡೆಯ ಆಚೆಯಿಂದ. ವಯರ್ ಹಿಡಿದು ಹೋದೆ. ಅದು ಕಿಟಕಿ ದಾಟಿ ಹಿಂದಿನ ಕೋಣೆಯ ಸ್ಟೆಬಿಲೈಸರಿಗೆ ಸೇರಿತ್ತು. ಮೀನು ಇಡುವ ದೊಡ್ಡ ಫ್ರೀಜರಿಗೂ ಅದೇ ಸ್ಟೆಬಿಲೈಸರ್.

ಶ್ರಾವ್ಯಳ ತಂದೆ ಮಂಜಣ್ಣ ಮೀನು ವ್ಯಾಪಾರಿ. ಹೆಮ್ಮೆಯಿಂದಲೇ ಹೇಳಿದರು: "ಅಷ್ಟ್ ಒಳ್ಳೆ ಮಿಷನ್ನ್ ಬರೀ ಗ್ವಾಡಿ ಪ್ಲಗ್ಗಿಗೆ ಹಾಕುಕಾತ್ತಾ ಮಾರಾಯ್ರೆ? ಅದ್ಕೇ ನಾನೇ ಇದಕ್ಕೆ ಕೊಟ್ಟದ್ದ್."

ಅಡುಗೆಮನೆಯಿಂದ ಅವರ ಹೆಂಡತಿ ಗಿರಿಜಕ್ಕನ ದನಿ ಬಂತು: "ಬಂಗುಡಿ ಮೀನ್ ಕಾಯುದ್ ಮಗಳ ಆಟನೂ ಕಾಯ್ಲಿ ಅಂದ್ ಮಾಡ್ರಾ?"

ಫ್ರೀಜರಿನ ಕಂಪ್ರೆಸರ್ ಶುರುವಾಗುವಾಗ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅದನ್ನು ಸರಿದೂಗಿಸಲು ಸ್ಟೆಬಿಲೈಸರಿನೊಳಗಿನ ರಿಲೇ ಎಂಬ ಸ್ವಿಚ್ಚು ಜಾಗ ಬದಲಿಸುತ್ತದೆ. ಟಕ್ ಎಂಬುದು ಅದರ ಸದ್ದು. ಆ ಕ್ಷಣ ಕರೆಂಟ್ ತುಂಡಾಗುತ್ತದೆ. ಮಿಷನ್ ಸುಮ್ಮನಿದ್ದರೆ ಪವರ್ ಸಪ್ಲೈ ತನ್ನಲ್ಲಿ ಉಳಿದದ್ದರಲ್ಲೇ ಆ ಕ್ಷಣವನ್ನು ದಾಟಿಸುತ್ತದೆ. ಗೇಮ್ ಓಡುತ್ತಿದ್ದರೆ ಅಷ್ಟು ಸಾಲುವುದಿಲ್ಲ.

ಚಾವಡಿಯ ಬೇರೆ ಲೈನಿನ ಪ್ಲಗ್ಗಿಗೆ, ಜೊತೆಗೆ ತಂದಿದ್ದ ಯುಪಿಎಸ್ ಮೂಲಕ ಮಿಷನ್ ಕೊಟ್ಟೆ. ಶ್ರಾವ್ಯ ಆಟ ಶುರು ಮಾಡಿದಳು. ನಾನು ಫ್ರೀಜರ್ ಆಫ್ ಮಾಡಿದೆ. ಕಂಪ್ರೆಸರನ್ನು ನಿಲ್ಲಿಸಿದ ಕೂಡಲೇ ಚಾಲೂ ಮಾಡಬಾರದು. ಹಾಗಾಗಿ ಗಿರಿಜಕ್ಕ ಕೊಟ್ಟ ಚಾ ನಿಧಾನ ಕುಡಿದು ಮುಗಿಸಿ ಸ್ವಿಚ್ ಹಾಕಿದೆ.

ಟಕ್!

ಮಂಜಣ್ಣ ಚಾವಡಿಗೆ ಓಡಿ ಮಗಳನ್ನು ಕೇಳಿದರು: "ಹೋಯ್ತಾ ಹೆಣೆ?"

"ಅಪ್ಪಯ್ಯ, ಎದ್ರ್ ನಿಲ್ಬೇಡಿ! ಹೊಡಿತ್ರ್ ನನ್ನ!" ಪರದೆಯ ಮೇಲೆ ಆಟ ನಡೆದೇ ಇತ್ತು.

ಸೋಮವಾರ ಅವಳ ಫೋನ್ ಬಂತು. "ಅಣ್ಣ, ಸೋತ್ವ್. ಆರೆ ಮಿಷನ್ ಕಡಿಗಂಟ ಒಂದ್ಸಲವೂ ಆಫ್ ಆಯ್ಲಿಲ್ಲ. ಮುಂದಿನ ಸಲಕ್ಕೂ ನಾನೇ ಬೇಕ್ ಅಂದ್ರ್ ಟೀಮಿನವ್ರ್."

ಈಗ ಹೊಸ ಮಿಷನ್ ಕೊಡುವಾಗ, ಮನೆಯಲ್ಲಿ ಇದನ್ನು ಎಲ್ಲಿಗೆ ಸಿಕ್ಕಿಸುತ್ತೀರಿ, ಅದೇ ಲೈನಿನಲ್ಲಿ ಇನ್ನೇನಿದೆ ಎಂದು ಕೇಳದೆ ಕಳಿಸುವುದಿಲ್ಲ. ನನ್ನ ಮೇಜಿನ ಮೇಲೆ ಓಡಿದರೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಗಿರಾಕಿಯ ಚಾವಡಿಯಲ್ಲಿ ಓಡಿದ ಮೇಲೆಯೇ ಅದನ್ನು ನಾನು ಕಟ್ಟಿದ ಮಿಷನ್ ಎನ್ನುತ್ತೇನೆ.